ನಮ್ಮ ಕೆರೆ ಮಾದರಿ ಮೇಸಾ 3ಕ್ಕೆ ಬಂತು: ಯಾರಿಗೆ ಮೊದಲು ನೀರು?

ಲ್ಯಾಪ್‌ಟಾಪಿನ ಪರದೆಯಲ್ಲಿ ಮಾರ್ಚ್ 2ನೇ ತಾರೀಕು ರಾಗಿ ಕೊಯ್ಲಾಯಿತು. ಬಿತ್ತಿದ್ದು ಜುಲೈ 15ಕ್ಕೆ. ಕೋಲಾರದ ಕಡೆಯ ಯಾವ ರೈತನಿಗೆ ತೋರಿಸಿದರೂ, ಇದೇನಪ್ಪಾ, ರಾಗಿ ಹೊಲದಲ್ಲೇ ಉದುರಿ ಮೊಳಕೆ ಬಂದಿರಬೇಕಲ್ಲ ಅನ್ನುತ್ತಾನೆ. ನಾನು ಹಾಕಿದ್ದು 115 ದಿನದ ತಳಿ. ನವೆಂಬರ್ ಮೊದಲ ವಾರ ತೆನೆ ಕೊಯ್ಯಬೇಕಿತ್ತು.

ಕೆರೆ ನೀರು ಹಂಚುವ ನಮ್ಮ ಕಂಪ್ಯೂಟರ್ ಮಾದರಿಯನ್ನು ಮೇಸಾ ಅನ್ನುವ ತಂತ್ರಾಂಶದ ಹೊಸ ಆವೃತ್ತಿಗೆ ತರುವಾಗ ಆದ ಎಡವಟ್ಟು ಇದು. ಮೊದಲು ಮಾದರಿ ಏನು ಅಂತ ಹೇಳುತ್ತೇನೆ. ನಮ್ಮೂರು ಮುಳಬಾಗಿಲು ರಸ್ತೆಯಲ್ಲಿ ಬರುತ್ತದೆ. ಒಂದರ ಕೋಡಿ ಹರಿದರೆ ಇನ್ನೊಂದಕ್ಕೆ ನೀರು ಸೇರುವ ಹಾಗೆ ನಾಲ್ಕು ಕೆರೆಗಳ ಸಾಲು ಇಲ್ಲಿದೆ. ಮೂರು ವರ್ಷದ ಹಿಂದೆ ಆ ನಾಲ್ಕು ಕೆರೆ, 37 ಬೋರ್‌ವೆಲ್, 120 ರೈತರನ್ನು ಇಟ್ಟುಕೊಂಡು ಒಂದು ಸಿಮ್ಯುಲೇಶನ್, ಅಂದರೆ ಕಂಪ್ಯೂಟರಿನೊಳಗೆ ಒಂದು ಅಣಕು ಊರು, ಕಟ್ಟಿದ್ದೆ. ಒಂದು ಹೆಜ್ಜೆ ಅಂದರೆ ಒಂದು ದಿನ. ಪ್ರತಿ ದಿನ ಮಳೆ ಬರುತ್ತದೆ ಅಥವಾ ಬರುವುದಿಲ್ಲ. ಕೆರೆಗೆ ನೀರು ಸೇರುತ್ತದೆ, ತೂಬಿನಿಂದ ಇಳಿಯುತ್ತದೆ, ಅಚ್ಚುಕಟ್ಟಿನ ರೈತರು ಒಬ್ಬೊಬ್ಬರಾಗಿ ತಮ್ಮ ಪಾಲು ತೆಗೆದುಕೊಳ್ಳುತ್ತಾರೆ. ಸಾಲದಿದ್ದವರು ಬೋರು ಚಾಲೂ ಮಾಡುತ್ತಾರೆ. ಇಡೀ ಜಿಲ್ಲೆಗೆ ಒಂದೇ ಸಮೀಕರಣ ಬರೆಯುವ ಬದಲು ಒಬ್ಬೊಬ್ಬ ರೈತನಿಗೂ ಅವನದೇ ಜಮೀನು, ಅವನದೇ ಲೆಕ್ಕಾಚಾರ ಕೊಟ್ಟು ಬಿಟ್ಟುಬಿಡುವುದು. ಎಲ್ಲರೂ ಸೇರಿದಾಗ ಏನಾಗುತ್ತದೆ ಅಂತ ಕೂತು ನೋಡುವುದು. ಏಜೆಂಟ್ ಆಧಾರಿತ ಮಾದರಿ ಅಂದರೆ ಇಷ್ಟೇ.

ನಮ್ಮ ಗುಂಪಿನಲ್ಲಿ ಐದು ಜನ. ಭಾನುವಾರ ಬೆಳಿಗ್ಗೆ ನಮ್ಮ ಮನೆ ಮಾಳಿಗೆ ಮೇಲೆ ಸೇರುತ್ತೇವೆ. ಊರವರಿಗೆ ಮಾದರಿ ತೋರಿಸಲು ಹೋದಾಗ ಮೊದಲು ತೊಡಕಾಗಿದ್ದೇ ‘ಏಜೆಂಟ್’ ಅನ್ನುವ ಪದ. ಟೊಮೆಟೊ ಮಂಡಿಗೆ ಹೋಗಿ ಬರುವವರಿಗೆ ಏಜೆಂಟ್ ಅಂದರೆ ಕಮಿಷನ್ ಹಿಡಿಯುವವನು, ಇಲ್ಲವೇ ವಿಮೆ ಮಾಡಿಸುವವನು. ಅದಕ್ಕೇ ನಾವು ‘ಪಾತ್ರ’ ಅನ್ನುತ್ತೇವೆ. ರೈತ ಒಂದು ಪಾತ್ರ, ಕೆರೆ ಒಂದು ಪಾತ್ರ, ಬೋರು ಒಂದು ಪಾತ್ರ. ಬಯಲಾಟ ನೋಡಿ ಬೆಳೆದವರಿಗೆ ಇದು ಒಂದೇ ಸಲಕ್ಕೆ ಅರ್ಥವಾಯಿತು.

ಮಾದರಿ ಬರೆದಿದ್ದು ಪೈಥಾನ್‌ನ ಮೇಸಾ ಲೈಬ್ರರಿಯಲ್ಲಿ. ಪೈಥಾನ್ ಒಂದು ಪ್ರೋಗ್ರಾಮಿಂಗ್ ಭಾಷೆ, ಲೈಬ್ರರಿ ಅಂದರೆ ಅದರಲ್ಲಿ ಬರೆದಿಟ್ಟ ಸಿದ್ಧ ಕೋಡ್. ಡೇವಿಡ್ ಮಸಾದ್ ಮತ್ತು ಜಾಕ್ವೆಲಿನ್ ಕಾಜಿಲ್ ಶುರು ಮಾಡಿದ ಕೆಲಸ ಇದು. 2015ರಲ್ಲಿ ಅವರು ಇದರ ಬಗ್ಗೆ ಪ್ರಬಂಧ ಮಂಡಿಸಿದರು. ಮುಕ್ತ ತಂತ್ರಾಂಶ, ದುಡ್ಡಿಲ್ಲ. 2024ರ ನವೆಂಬರ್‌ನಲ್ಲಿ ಮೇಸಾ 3.0 ಬಂತು. ಮಾದರಿ ಬರೆಯುವ ರೀತಿಯಲ್ಲೇ ದೊಡ್ಡ ಬದಲಾವಣೆ ಆಗಿದೆ. ನನ್ನ ಮಾದರಿ 2ರಲ್ಲೇ ಉಳಿದಿತ್ತು. ಗುಂಪಿಗೆ ಹೊಸದಾಗಿ ಸೇರಿದ ಹುಡುಗ 3 ಹಾಕಿಕೊಂಡಿದ್ದ, ನನ್ನ ಕಡತ ಅವನಲ್ಲಿ ಓಡಲೇ ಇಲ್ಲ. ಹಾಗಾಗಿ ಸಂಕ್ರಾಂತಿ ಮುಗಿದ ಮೇಲೆ ಈ ಕೆಲಸಕ್ಕೆ ಕೂತೆ.

ಮೊದಲ ವಾರ ಬರೀ ಸಿದ್ಧತೆಗೆ ಹೋಯಿತು. ಮೇಸಾ 3.0ಕ್ಕೆ ಪೈಥಾನ್ 3.10 ಆದರೂ ಬೇಕು, ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ 3.8 ಇತ್ತು. ಹೊಸದು ಹಾಕಿಕೊಂಡು, ಹಳೇದಕ್ಕೆ ತಾಗದ ಹಾಗೆ ಬೇರೆ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಂಡೆ. ಹಳೇದನ್ನು ಅಳಿಸಲಿಲ್ಲ. ಇದು ಮುಖ್ಯ. ಹಳೇ ಮಾದರಿ ಹಳೇ ಮೇಸಾದಲ್ಲಿ ಓಡುತ್ತಲೇ ಇರಬೇಕು. ಇಲ್ಲದಿದ್ದರೆ ಹೊಸದರ ಉತ್ತರ ಸರಿಯೋ ತಪ್ಪೋ ಅಂತ ಹೋಲಿಸಿ ನೋಡಲು ಏನೂ ಇರುವುದಿಲ್ಲ. ಹಳೇದರಲ್ಲಿ 30 ಸಲ ಓಡಿಸಿ, ಪ್ರತಿ ಸಲದ ಫಲಿತಾಂಶವನ್ನೂ ಒಂದು ಸಿಎಸ್‌ವಿ ಕಡತದಲ್ಲಿ ಎತ್ತಿಟ್ಟೆ.

ಇನ್ನು ರಾಗಿ ಕಥೆ. ಮೇಸಾ 3ರಲ್ಲಿ ‘ಸ್ಟೆಪ್ಸ್’ ಅನ್ನುವ ಎಣಿಕೆಯನ್ನು ಮಾದರಿಯೇ ಇಟ್ಟುಕೊಳ್ಳುತ್ತದೆ. ಸ್ಟೆಪ್, ಅಂದರೆ ಒಂದು ದಿನದ ಹೆಜ್ಜೆ, ಕರೆದಾಗಲೆಲ್ಲ ತಾನೇ ಒಂದು ಕೂಡಿಸಿಕೊಳ್ಳುತ್ತದೆ. ನನ್ನ ಹಳೇ ಕೋಡ್‌ನಲ್ಲಿ ಅದೇ ಹೆಸರಿನ ಎಣಿಕೆ ಇತ್ತು, ನಾನೇ ಕೈಯಿಂದ ಒಂದು ಕೂಡಿಸುತ್ತಿದ್ದೆ. ಈಗ ಇಬ್ಬರೂ ಕೂಡಿಸಿದೆವು. ಕ್ಯಾಲೆಂಡರ್ ದಿನಕ್ಕೆ ಎರಡು ದಿನ ಓಡಿತು. ರಾಗಿ ತನ್ನ ವಯಸ್ಸನ್ನು ತಾನೇ ಎಣಿಸಿಕೊಳ್ಳುವುದರಿಂದ ಅದಕ್ಕೆ 115 ದಿನವೇ ಆಗಿತ್ತು, ಆದರೆ ಕ್ಯಾಲೆಂಡರ್‌ನಲ್ಲಿ 230 ದಿನ ಕಳೆದಿತ್ತು. ಜುಲೈ 15ಕ್ಕೆ 230 ಸೇರಿಸಿ, ಮಾರ್ಚ್ 2 ಬರುತ್ತದೆ.

ಇದಕ್ಕಿಂತ ಕೆಟ್ಟದ್ದು ಮಳೆಯಲ್ಲಾಗಿತ್ತು. ಮಳೆಯ ಪಟ್ಟಿಯನ್ನು ದಿನದ ಸಂಖ್ಯೆ ನೋಡಿ ಓದುತ್ತಿದ್ದೆ. ಒಂದು ದಿನ ಬಿಟ್ಟು ಒಂದು ದಿನದ ಮಳೆ ಮಾತ್ರ ಲೆಕ್ಕಕ್ಕೆ ಬಂತು. ನಮ್ಮಲ್ಲಿ ವರ್ಷಕ್ಕೆ 700ರಿಂದ 750 ಮಿ.ಮೀ. ಆಸುಪಾಸು ಮಳೆ. ಜಾಸ್ತಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅದರಲ್ಲೂ ಕೆರೆ ತುಂಬಿಸುವುದು ಎರಡೋ ಮೂರೋ ದೊಡ್ಡ ಮಳೆ. ಆ ದಿನವೇ ಪಟ್ಟಿಯಲ್ಲಿ ಹಾರಿಹೋದರೆ ಕೆರೆ ತುಂಬುವುದೇ ಇಲ್ಲ. ತಪ್ಪು ಸಂದೇಶ ಒಂದೂ ಬರಲಿಲ್ಲ. ಮಾದರಿ ಸುಮ್ನೆ ಓಡಿತು, ಚೆಂದದ ನಕ್ಷೆ ಕೊಟ್ಟಿತು. ರಾಗಿ ಕೊಯ್ಲಿನ ತಾರೀಕು ಬರೆಸುತ್ತಿದ್ದರಿಂದ ಮಾತ್ರ ಕಣ್ಣಿಗೆ ಬಿತ್ತು. ಒಂದು ಸಾಲು ಅಳಿಸಿದೆ, ಸರಿಹೋಯಿತು. 2ರಿಂದ 3ಕ್ಕೆ ಬರುವವರಿಗಾಗಿ ಮೇಸಾದವರು ಬರೆದಿರುವ ಕೈಪಿಡಿಯಲ್ಲಿ ಈ ಎಣಿಕೆಯ ಮಾತು ಇದೆ. ನಾನು ಅದನ್ನು ಪೂರ್ತಿ ಓದುವ ಮೊದಲೇ ಕೋಡ್‌ಗೆ ಕೈ ಹಾಕಿದ್ದೆ.

ಎರಡನೇ ತೊಂದರೆ ಗುರುತಿನ ಸಂಖ್ಯೆಯದು. ಮೊದಲು ಪ್ರತಿ ಪಾತ್ರಕ್ಕೂ ಯುನೀಕ್ ಐಡಿಯನ್ನು ನಾವೇ ಕೊಡಬೇಕಿತ್ತು. ಈಗ ಮೇಸಾ ತಾನೇ ಕೊಡುತ್ತದೆ. 1ರಿಂದ ಶುರು ಮಾಡಿ, ಮಾದರಿಗೆ ಸೇರಿದ ಸಾಲಿನಲ್ಲೇ. ನಾನು ಮೊದಲು ಕೆರೆ, ಆಮೇಲೆ ಬೋರು, ಕೊನೆಗೆ ರೈತರನ್ನು ಸೇರಿಸುತ್ತಿದ್ದೆ. ನಾಲ್ಕು ಕೆರೆ, 37 ಬೋರು ಆದ ಮೇಲೆ ಮೊದಲ ರೈತನಿಗೆ ಸಿಕ್ಕಿದ್ದು 42. ಹಳೇ ಕೋಡ್‌ನಲ್ಲಿ ರೈತರ ಸಂಖ್ಯೆ ಸೊನ್ನೆಯಿಂದ 119. ಅದೇ ಸಂಖ್ಯೆ ಹಿಡಿದು ಜಮೀನಿನ ಪಟ್ಟಿಯಿಂದ ಅವನ ಎಕರೆ, ತೂಬಿನಿಂದ ಎಷ್ಟು ದೂರ ಅನ್ನುವುದನ್ನು ಓದುತ್ತಿದ್ದೆ. ಈಗ 78 ಜನರಿಗೆ ಬೇರೆಯವರ ಜಮೀನು ಸಿಕ್ಕಿತು. 79ನೆಯವನ ಹೊತ್ತಿಗೆ ಪಟ್ಟಿ ಮುಗಿದು ಕೋಡ್ ನಿಂತುಹೋಯಿತು. ನಿಂತಿದ್ದು ಒಳ್ಳೆಯದೇ ಆಯಿತು. ಪಟ್ಟಿ ಇಷ್ಟೇ ಉದ್ದ ಇದ್ದು ರೈತರು ಮಾತ್ರ 60 ಜನ ಇದ್ದಿದ್ದರೆ ನಿಲ್ಲುತ್ತಲೇ ಇರಲಿಲ್ಲ, ಎಲ್ಲರೂ ಬೇರೆಯವರ ಗದ್ದೆ ಉಳುತ್ತಾ ಇರುತ್ತಿದ್ದರು. ಈಗ ರೈತನಿಗೆ ‘ಜಮೀನು ಸಂಖ್ಯೆ’ ಅಂತ ಬೇರೆಯೇ ಒಂದು ಅಂಕಣ ಇಟ್ಟಿದ್ದೇನೆ. ಮೇಸಾದ ಸಂಖ್ಯೆ ಮೇಸಾಕ್ಕೆ, ನಮ್ಮ ಸಂಖ್ಯೆ ನಮಗೆ.

ಇಲ್ಲಿಗೆ ಮಾದರಿ ಕೊನೆಯವರೆಗೂ ಓಡಿತು. ಫಲಿತಾಂಶ ನೋಡಿ ಖುಷಿಯಾಯಿತು. ಅಚ್ಚುಕಟ್ಟಿನ ಕೊನೆಯ ಗದ್ದೆಗಳಲ್ಲೂ ಭತ್ತ ಬಂದಿತ್ತು. ಕಡಿಮೆ ಮಳೆಯ ವರ್ಷದಲ್ಲೂ ಮೊದಲ ಗದ್ದೆಗೂ ಕೊನೆ ಗದ್ದೆಗೂ ಇಳುವರಿಯಲ್ಲಿ ಹೆಚ್ಚುಕಡಿಮೆ ಇರಲಿಲ್ಲ. ಹಳೇ ಮಾದರಿಯಲ್ಲಿ ಹೀಗಿರಲಿಲ್ಲವಲ್ಲ ಅಂತ ಒಂದು ಅನುಮಾನ ಇತ್ತು. ಆದರೆ ಎರಡು ತಪ್ಪು ಸರಿಮಾಡಿದ್ದೇನೆ, ಹಳೇದರಲ್ಲೇ ಏನೋ ಐಬಿರಬೇಕು ಅಂದುಕೊಂಡೆ.

ಆ ಭಾನುವಾರ ಪಕ್ಕದ ಬೀದಿಯ ತಾತ ಬಂದಿದ್ದರು. ಅವರು ನಮ್ಮೂರಿನ ನೀರುಗಂಟಿ. ಅವರಪ್ಪ, ಅವರ ತಾತ ಕೂಡ ಅದೇ ಕೆಲಸ ಮಾಡಿದವರು. ತೂಬಿನ ಎರಡು ಕಲ್ಲುಕಂಬದ ನಡುವೆ ಇಳಿದು, ಮರದ ಬಿರಡೆಯನ್ನು ಎಷ್ಟು ಎತ್ತಬೇಕು ಅನ್ನುವುದನ್ನು ಗೇಣಿನಲ್ಲೇ ಅಳೆಯುತ್ತಾರೆ. ಅರ್ಧ ಗೇಣು, ಮುಕ್ಕಾಲು ಗೇಣು. ಅವರ ಅಂಗೈಯಲ್ಲಿ, ಹೆಬ್ಬೆರಳಿನ ಬುಡಕ್ಕೆ, ಬಿರಡೆಯ ಗಳ ಹಿಡಿದು ಹಿಡಿದು ಬಿದ್ದ ಒಂದು ಗಟ್ಟಿ ಗೆರೆ ಇದೆ. ಮಾದರಿ ಬರೆಯುವಾಗ ತೂಬಿನಿಂದ ದಿನಕ್ಕೆ ಎಷ್ಟು ನೀರು ಇಳಿಯುತ್ತದೆ ಅನ್ನುವ ಅಂಕಿಯನ್ನು ಅವರ ಆ ಗೇಣಿನಿಂದಲೇ ಲೆಕ್ಕ ಹಾಕಿದ್ದೆವು.

ಅವರಿಗೆ ಪರದೆ ತೋರಿಸಿದೆ. ಕೆರೆ ನೀಲಿ, ಗದ್ದೆ ಹಸಿರು, ಒಣಗಿದರೆ ಕಂದು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಪರದೆಯ ಬಲಗಡೆಯ ತುದಿ, ಅಂದರೆ ಕಾಲುವೆಯ ಕೊನೆಯನ್ನು ಬೆರಳಿಂದ ಮುಟ್ಟಿದರು.

“ಇಲ್ಲಿ ಇಷ್ಟು ಹಸಿರು ಯಾವತ್ತೂ ಇರಲ್ಲ ಮಗಾ. ಯಾರು ಮೊದ್ಲು ಮಡೆ ತಿರುಗಿಸ್ತಾರೆ ಇದ್ರಲ್ಲಿ?”

“ಒಂದೊಂದು ದಿನ ಒಬ್ಬೊಬ್ಬರು, ತಾತ.” ಹೇಳುವಾಗಲೇ ನನಗೆ ಹೊಳೆಯಿತು.

“ಹಂಗೆಲ್ಲಿ ಆಗ್ತದೆ? ಕಾಲ್ವೆ ಪಕ್ಕದವನು ಬಿಡ್ತಾನಾ?”

ಹಳೇ ಮೇಸಾದಲ್ಲಿ ‘ಶೆಡ್ಯೂಲರ್’ ಅಂತ ಒಂದು ಇತ್ತು. ಪಾತ್ರಗಳನ್ನು ಯಾವ ಸಾಲಿನಲ್ಲಿ ಕರೆಯಬೇಕು ಅನ್ನುವುದನ್ನು ಅದು ನೋಡಿಕೊಳ್ಳುತ್ತಿತ್ತು. ನಾನು ಬಳಸಿದ್ದು ಬೇಸ್ ಶೆಡ್ಯೂಲರ್. ಸೇರಿಸಿದ ಸಾಲಿನಲ್ಲೇ ಅದು ಕರೆಯುತ್ತದೆ. ರೈತರನ್ನು ತೂಬಿನಿಂದ ದೂರದ ಲೆಕ್ಕದಲ್ಲಿ ಸೇರಿಸಿದ್ದೆ, ಹಾಗಾಗಿ ಹತ್ತಿರದವನು ಮೊದಲು, ಕೊನೆಯವನು ಕೊನೆಗೆ. ಮೇಸಾ 3ರಲ್ಲಿ ಶೆಡ್ಯೂಲರ್‌ಗಳನ್ನು ಬಿಡಲಾಗಿದೆ. ಬದಲಿಗೆ ಪಾತ್ರಗಳ ಗುಂಪಿಗೇ ನೇರವಾಗಿ ‘ಡು’ ಅಥವಾ ‘ಶಫಲ್ ಡು’ ಅಂತ ಹೇಳುತ್ತೇವೆ. ‘ಡು’ ಇದ್ದ ಸಾಲಿನಲ್ಲೇ ಕರೆಯುತ್ತದೆ. ‘ಶಫಲ್ ಡು’ ಪ್ರತಿ ಸಲ ಇಸ್ಪೀಟು ಕಲೆಸಿದ ಹಾಗೆ ಕಲೆಸಿ ಕರೆಯುತ್ತದೆ. ನಾನು ನೋಡಿದ ಉದಾಹರಣೆಯಲ್ಲಿ ‘ಶಫಲ್ ಡು’ ಇತ್ತು. ಅದನ್ನೇ ತಂದು ಹಾಕಿದ್ದೆ. ನನ್ನ ಕೋಡ್‌ನಲ್ಲಿ ದಿನಾ ಬೆಳಿಗ್ಗೆ ಚೀಟಿ ಎತ್ತಿ ನೀರು ಹಂಚುತ್ತಿದ್ದರು. ನಮ್ಮೂರ ಕಾಲುವೆಯಲ್ಲಿ ಹಾಗೆ ನಡೆಯುವುದಿಲ್ಲ.

ಕಲೆಸಿ ಕರೆಯುವುದು ತಪ್ಪಲ್ಲ. ಸಂತೆಯಲ್ಲಿ ಯಾರು ಮೊದಲು ಬಂದರು ಅನ್ನುವುದಕ್ಕೆ ಗೊತ್ತಾದ ಸಾಲೇ ಇಲ್ಲದಿದ್ದರೆ ಕಲೆಸುವುದೇ ಸರಿ. ಸುಮ್ನೆ ಒಂದೇ ಸಾಲು ಇಟ್ಟರೆ ಮೊದಲಿನವನಿಗೆ ಕಾರಣವಿಲ್ಲದೆ ಲಾಭವಾಗುತ್ತದೆ. ಆದರೆ ಕಾಲುವೆಯಲ್ಲಿ ಸಾಲಿಗೆ ಕಾರಣ ಇದೆ. ನೀರು ಮೇಲಿನಿಂದ ಕೆಳಕ್ಕೆ ಬರುತ್ತದೆ. ನಮ್ಮ ಕೆರೆ ಮಾದರಿಯ ಜೀವವೇ ಆ ಸಾಲು. ಅದೊಂದು ಪದದಲ್ಲಿ ಕಳೆದುಹೋಗಿತ್ತು. ಹೊಸ ಆವೃತ್ತಿಗೆ ಯಾವುದೇ ಮಾದರಿ ತರುವವರಿಗೆ ನನ್ನ ವಿನಂತಿ ಇದು: ಬಣ್ಣ, ನಕ್ಷೆ, ವೇಗ ಎಲ್ಲ ಆಮೇಲೆ ನೋಡಿ. ಯಾರನ್ನು ಮೊದಲು ಕರೆಯುತ್ತಿದ್ದೀರಿ ಅನ್ನುವುದನ್ನು ಮೊದಲು ನೋಡಿ.

ಅಲ್ಲೇ ಕೂತು ಸರಿಮಾಡಲು ಹೊರಟೆ. ರೈತರ ಗುಂಪನ್ನು ತೂಬಿನ ದೂರದ ಮೇಲೆ ‘ಸಾರ್ಟ್’ ಮಾಡಿ, ಆಮೇಲೆ ‘ಡು’. ಒಂದೇ ಸಾಲಿನ ಕೆಲಸ. ಓಡಿಸಿದೆ. ಈ ಸಲ ಕೊನೆಯ ಗದ್ದೆಗಳು ಕಡು ಹಸಿರು, ತೂಬಿನ ಪಕ್ಕದವು ಕಂದು! ಪೂರ್ತಿ ತಲೆಕೆಳಗಾಗಿತ್ತು. ಕಾರಣ ಹುಡುಕಲು ಹತ್ತು ನಿಮಿಷ ಹಿಡಿಯಿತು. ಮೇಸಾದ ಈ ಸಾರ್ಟ್ ನಾವು ಏನೂ ಹೇಳದಿದ್ದರೆ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸುತ್ತದೆ. ಪೈಥಾನ್‌ನ ಮಾಮೂಲಿ ಸಾರ್ಟ್ ಮಾಡುವುದು ಅದಕ್ಕೆ ಉಲ್ಟಾ, ಕೈಗೆ ಅಭ್ಯಾಸ ಇದ್ದಿದ್ದು ಅದೇ. ‘ಅಸೆಂಡಿಂಗ್’ (ಚಿಕ್ಕದರಿಂದ ದೊಡ್ಡದಕ್ಕೆ) ಅನ್ನುವುದಕ್ಕೆ ‘ಟ್ರೂ’ ಅಂತ ಬರೆದುಕೊಡಬೇಕು.

ಅದನ್ನು ತಿದ್ದಲು ಹೋದರೆ ತಾತ ಕೈ ಹಿಡಿದರು.

“ಇರು, ಇರು. ಇದು ಸರಿಯಾಗೈತೆ.”

“ಇಲ್ಲ ತಾತ, ಇದು ಉಲ್ಟಾ ಆಗಿದೆ.”

“ಬರ ಬಿದ್ದ ವರ್ಷ ನಾವು ಹಿಂಗೇ ಬಿಡ್ತಿದ್ವು. ಕೆರೆ ಅರ್ಧಕ್ಕಿಂತ ಕೆಳಗೆ ಇಳೀತು ಅಂದ್ರೆ ಕೊನೆಯವನಿಗೆ ಮೊದ್ಲು. ರಾತ್ರಿ ಹೊತ್ತು ಬಿಡಬೇಕು. ಮುಂದಿನ ಗದ್ದೆಗೆ ಹೆಂಗೂ ಕೆರೆ ಜೌಗು ಇರ್ತದೆ, ನಾಲ್ಕು ದಿನ ತಡೀತದೆ. ಕೊನೆಯವನದು ತಡಿಯಲ್ಲ.”

ಮೂರು ವರ್ಷ ಅವರ ಜೊತೆ ಕೂತು ಮಾದರಿ ಮಾಡಿದ್ದೇನೆ, ಈ ಮಾತು ನಾನು ಕೇಳಿರಲಿಲ್ಲ. ನಾನು ಕೇಳುತ್ತಿದ್ದದ್ದು ಎಷ್ಟು ನೀರು, ಎಷ್ಟು ದಿನ ಅಂತ. ಯಾರಿಗೆ ಮೊದಲು ಅಂತ ಕೇಳಿಯೇ ಇರಲಿಲ್ಲ. ಹತ್ತಿರದವನೇ ಮೊದಲು ಅಂತ ನಾನೇ ಊಹಿಸಿಕೊಂಡಿದ್ದೆ. ಅವರೂ ಹಳೇ ಮಾದರಿ ನೋಡಿ ಏನೂ ಹೇಳಿರಲಿಲ್ಲ, ಯಾಕೆಂದರೆ ನಾವು ಅವರಿಗೆ ತೋರಿಸಿದ್ದು ಒಳ್ಳೇ ಮಳೆಯ ವರ್ಷಗಳನ್ನೇ.

ಅವತ್ತು ಮಧ್ಯಾಹ್ನ ಊಟಕ್ಕೂ ಏಳದೆ ಹೊಸ ನಿಯಮ ಬರೆದೆವು. ಕೆರೆ ಅರ್ಧಕ್ಕಿಂತ ಮೇಲಿದ್ದರೆ ಹತ್ತಿರದಿಂದ ದೂರಕ್ಕೆ. ಅರ್ಧಕ್ಕಿಂತ ಕೆಳಗಿದ್ದರೆ ದೂರದಿಂದ ಹತ್ತಿರಕ್ಕೆ. ತೂಬಿನ ಪಕ್ಕದ ಗದ್ದೆಗಳಿಗೆ ಜೌಗಿನಿಂದ ದಿನಾ ಒಂದಿಷ್ಟು ತೇವ. ಹಳೇ ಶೆಡ್ಯೂಲರ್‌ನಲ್ಲಿ ಇದನ್ನು ಬರೆಯಲು ಬೇರೆಯೇ ಒಂದು ಕ್ಲಾಸ್ ಕಟ್ಟಬೇಕಿತ್ತು. ಮೇಸಾ 3ರಲ್ಲಿ ನಾಲ್ಕು ಸಾಲು. ‘ಅಸೆಂಡಿಂಗ್’ ಜಾಗದಲ್ಲಿ ಕೆರೆ ಅರ್ಧಕ್ಕಿಂತ ಮೇಲಿದೆಯಾ ಅನ್ನುವ ಪ್ರಶ್ನೆಯನ್ನೇ ಇಟ್ಟುಬಿಟ್ಟೆ. ಹೊಸ ವಿನ್ಯಾಸ ನನಗೆ ನಿಜವಾಗಿ ಇಷ್ಟವಾಗಿದ್ದು ಆಗಲೇ. ತಾತನ ನಿಯಮ ಬಾಯಲ್ಲಿ ಹೇಗಿತ್ತೋ ಹಾಗೇ ಕೋಡ್‌ನಲ್ಲೂ ಕೂತಿತು.

ಓಡಿಸಿದರೆ ಬರದ ವರ್ಷ ಹೀಗೆ ಬಂತು: ಮೊದಲ ಗದ್ದೆಗಳು ಪೂರ್ತಿ ಉಳಿದವು, ಕೊನೆಯ ಹತ್ತು ಗದ್ದೆಗಳಲ್ಲಿ ಏಳು ಉಳಿದವು, ನಡುವಿನವು ಪೆಟ್ಟು ತಿಂದವು. ತಾತ ನಡುವಿನ ಆ ಕಂದು ಪಟ್ಟೆಯನ್ನು ನೋಡಿ, “ಅಲ್ಲೇ ನಮ್ಮ ಜಮೀನು ಇರೋದು” ಅಂದರು.

ಪರದೆಯ ವಿಷಯ ಬೇಗ ಮುಗಿಸುತ್ತೇನೆ. ಹಳೇ ಮೇಸಾದ ಪ್ರದರ್ಶನ ಸರ್ವರ್ ಈಗ ಇಲ್ಲ. ಅದರ ಬದಲು ಸೊಲಾರಾ ಅನ್ನುವ ಪೈಥಾನ್ ಚೌಕಟ್ಟಿನ ಮೇಲೆ ಕಟ್ಟಿದ ಸೊಲಾರಾವಿಜ್ ಇದೆ. ಬ್ರೌಸರ್‌ನಲ್ಲಿ ಪೋರ್ಟ್ ಸಂಖ್ಯೆ 8521 ತೆರೆದು ಅಭ್ಯಾಸವಾದವರು ಈಗ 8765 ತೆರೆಯಬೇಕು. ಇನ್‌ಸ್ಟಾಲ್ ಮಾಡುವಾಗ ಬರೀ ಮೇಸಾ ಅಂತ ಹೇಳಿದರೆ ಇದು ಬರುವುದಿಲ್ಲ, ಚೌಕ ಆವರಣದಲ್ಲಿ ‘ರೆಕ್’ ಸೇರಿಸಬೇಕು. ಸ್ಲೈಡರ್‌ಗಳ ಹೆಸರು ಕನ್ನಡದಲ್ಲೇ ಬರೆದೆ, ಅಕ್ಷರ ಒಡೆಯದೆ ಚೆನ್ನಾಗಿ ಬಂತು. ‘ತೂಬು ಎಷ್ಟು ಗೇಣು’ ಅನ್ನುವ ಸ್ಲೈಡರ್ ಅನ್ನು ತಾತ ತಾವೇ ಎಳೆದು ನೋಡಿದರು.

ಇನ್ನೊಂದು ಸಣ್ಣ ವಿಷಯ, ಆದರೆ ಬಿಡುವಂಥದ್ದಲ್ಲ. ಒಂದೇ ಸೀಡ್ (ಚೀಟಿ ಎತ್ತುವಂಥ ಆಯ್ಕೆಗಳ ಸರಣಿ ಎಲ್ಲಿಂದ ಶುರು ಅಂತ ಹೇಳುವ ಅಂಕಿ) ಕೊಟ್ಟು ಎರಡು ಸಲ ಓಡಿಸಿದರೆ ಒಂದೇ ಉತ್ತರ ಬರಬೇಕು. ನನಗೆ ಬರುತ್ತಿರಲಿಲ್ಲ. ಬೋರು ಬತ್ತುವ ಕಡೆ ಮಾದರಿಯ ರ್‍ಯಾಂಡಮ್ ಬಿಟ್ಟು ಪೈಥಾನ್‌ನ ರ್‍ಯಾಂಡಮ್ ಅನ್ನು ನೇರವಾಗಿ ಕರೆದಿದ್ದೆ. ಅದಕ್ಕೆ ನಮ್ಮ ಸೀಡ್ ಗೊತ್ತೇ ಇರುವುದಿಲ್ಲ. ಎರಡು ಜಾಗದಲ್ಲಿ ತಿದ್ದಿದೆ.

ನಮ್ಮ ಗುಂಪಿನ ಉಳಿದ ಸುದ್ದಿ. ಅಕ್ಕನ ಮಗಳು ಬಿಎಸ್ಸಿ ಓದುತ್ತಿದ್ದಾಳೆ, ಇದೇ ಕೆರೆಯನ್ನು ನೆಟ್‌ಲೋಗೋದಲ್ಲಿ ಬರೆಯುತ್ತಿದ್ದಾಳೆ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಊರಿ ವಿಲೆನ್‌ಸ್ಕಿ 1999ರಲ್ಲಿ ಹೊರತಂದ ಸಾಧನ ಅದು. ಪ್ರೋಗ್ರಾಮಿಂಗ್ ಹೊಸದಾಗಿ ಕಲಿಯುವವರಿಗೆ ನಾನು ಅದನ್ನೇ ಹೇಳುತ್ತೇನೆ. ನಾವು ಪಾತ್ರ ಅನ್ನುವುದಕ್ಕೆ ಅಲ್ಲಿ ಆಮೆ ಅನ್ನುತ್ತಾರೆ. ಆಮೆಗೆ ಹೀಗೆ ಮಾಡು ಅಂದರೆ ಮಾಡುತ್ತದೆ. ನೆಟ್‌ಲೋಗೋದಲ್ಲಿ ಆಮೆಗಳನ್ನು ಗುಂಪಾಗಿ ಕೇಳಿದರೆ ಅದು ಯಾವಾಗಲೂ ಕಲೆಸಿಯೇ ಕರೆಯುತ್ತದೆ. ಸಾಲು ಬೇಕಿದ್ದರೆ ‘ಸಾರ್ಟ್ ಆನ್’ ಹಾಕಿ ಒಂದೊಂದಾಗಿ ಕರೆಯಬೇಕು. ಅಲ್ಲಿ ಚಿಕ್ಕದರಿಂದ ದೊಡ್ಡದಕ್ಕೆ ಬರುತ್ತದೆ. ನನ್ನ ಅನುಭವ ಕೇಳಿದ ಮೇಲೆ ಅವಳು ತನ್ನ ಕೋಡ್ ತೆಗೆದು ನೋಡಿದಳು. ಅಲ್ಲೂ ಚೀಟಿ ಎತ್ತಿಯೇ ನೀರು ಹಂಚುತ್ತಿದ್ದರು.

2025ರಲ್ಲಿ ನೆಟ್‌ಲೋಗೋ 7 ಬಂದಿದೆ. ಕಡತದ ರೂಪ ಈಗ ಎಕ್ಸ್‌ಎಮ್‌ಎಲ್, ಹೆಸರಿನ ಕೊನೆಗೆ ಒಂದು ‘ಎಕ್ಸ್’ ಸೇರಿಕೊಂಡಿದೆ. 6ರಲ್ಲಿ ಮಾಡಿದ್ದು 7ರಲ್ಲಿ ತೆರೆಯುತ್ತದೆ, 7ರಲ್ಲಿ ಉಳಿಸಿದ್ದು 6ರಲ್ಲಿ ತೆರೆಯುವುದಿಲ್ಲ. ಅವಳ ಕಾಲೇಜಿನ ಲ್ಯಾಬಿನಲ್ಲಿ ಇನ್ನೂ 6 ಇದೆ. ಅದಕ್ಕೆ ಹಳೇ ಕಡತದ ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಬೇರೆಯಾಗಿ ಇಟ್ಟುಕೊಳ್ಳುವುದು ಅಂತ ಗುಂಪಿನಲ್ಲಿ ಮಾತಾಯಿತು.

ಮಾದರಿಯ ವಿವರಣೆಯನ್ನು ಕನ್ನಡದಲ್ಲಿ ಬರೆಯುವ ಕೆಲಸವೂ ನಡೆದಿದೆ. ಇಂಥ ಮಾದರಿಗಳನ್ನು ವಿವರಿಸಲು ಓಡಿಡಿ (ಓವರ್‌ವ್ಯೂ, ಡಿಸೈನ್ ಕಾನ್ಸೆಪ್ಟ್ಸ್, ಡೀಟೇಲ್ಸ್) ಅಂತ ಒಂದು ಕ್ರಮ ಇದೆ. ಫೋಲ್ಕರ್ ಗ್ರಿಮ್ ಮತ್ತು ಜೊತೆಗಾರರು 2006ರಲ್ಲಿ ಕೊಟ್ಟಿದ್ದು, 2010ರಲ್ಲಿ ಮತ್ತು 2020ರಲ್ಲಿ ತಿದ್ದಿದರು. ಯಾರು ಯಾವಾಗ ಯಾವ ಸಾಲಿನಲ್ಲಿ ಏನು ಮಾಡುತ್ತಾರೆ ಅಂತ ಬರೆಯಲು ಅದರಲ್ಲಿ ಜಾಗವೇ ಇದೆ. ಮೂರು ವರ್ಷದ ಹಿಂದೆ ಅದನ್ನು ತುಂಬಿಸಿದ್ದರೆ ತಾತನಿಗೆ ಆಗಲೇ ಈ ಪ್ರಶ್ನೆ ಕೇಳಿರುತ್ತಿದ್ದೆ. ಈಗ ಆ ಜಾಗದಲ್ಲಿ ಅವರ ಮಾತನ್ನೇ ಬರೆದಿದ್ದೇವೆ.

ಮುಂದಿನ ಕೆಲಸ ಕೆ.ಸಿ. ವ್ಯಾಲಿ ನೀರು. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಕೆರೆಯಿಂದ ಕೆರೆಗೆ ಇಳಿಯತೊಡಗಿತು. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ ಅನ್ನುವುದು ಯೋಜನೆಯ ಲೆಕ್ಕ. ಆ ನೀರಿನ ಉದ್ದೇಶ ಕೆರೆ ತುಂಬಿಸಿ ಅಂತರ್ಜಲ ಏರಿಸುವುದು, ನೇರವಾಗಿ ಗದ್ದೆಗೆ ಬಿಡುವುದಲ್ಲ. ಹಾಗಾದರೆ ಮಾದರಿಯಲ್ಲಿ ಕೆರೆ ತುಂಬಿದ್ದರೂ ತೂಬು ಮುಚ್ಚಿರಬೇಕು, ನೀರು ಬೋರಿನ ಮೂಲಕವೇ ಮೇಲೆ ಬರಬೇಕು. ಆಗ ಸಾಲು ಮತ್ತೆ ಬದಲಾಗುತ್ತದೆ. ಕಾಲುವೆಯ ಸಾಲು ಅಲ್ಲ, ಯಾರ ಬೋರು ಎಷ್ಟು ಆಳ, ಯಾರ ಮೋಟಾರು ಎಷ್ಟು ಎಚ್‌ಪಿ ಅನ್ನುವ ಸಾಲು. ಕರೆಂಟು ಬಂದಾಗ ಯಾರು ಮೊದಲು ಸ್ವಿಚ್ ಹಾಕುತ್ತಾರೆ ಅನ್ನುವುದೂ ಇದೆ. ಇದಕ್ಕೆ ನೀರುಗಂಟಿ ಇಲ್ಲ. ಯಾರನ್ನು ಕೇಳಬೇಕು ಅಂತ ಯೋಚಿಸುತ್ತಿದ್ದಾಗ ತಾತ, ಊರಿನಲ್ಲಿ ಮೋಟಾರು ರಿಪೇರಿ ಮಾಡುವ ಅಣ್ಣನ ಹೆಸರು ಹೇಳಿದರು. ಯಾರ ಪಂಪು ಎಷ್ಟು ಅಡಿಯಲ್ಲಿದೆ ಅನ್ನುವುದು ಅವನಿಗೆ ಬಾಯಿಪಾಠ. ಬರುವ ಭಾನುವಾರ ಅವನನ್ನು ಮಾಳಿಗೆಗೆ ಕರೆದಿದ್ದೇವೆ.